ಸಾನ್‌ರಿಕು: ಗೈಡ್ ಇಲ್ಲದೆ ನೋಡಬಾರದ ಕರಾವಳಿ

ತನೊಹಾತ ಹಳ್ಳಿಯ ಪುಟ್ಟ ಬಂದರಿನಲ್ಲಿ ಬೆಳಗಿನ ದೋಣಿ ಹೊರಡುವ ಹೊತ್ತು. ಪ್ರವಾಸಿಗರಿಗೆ ಲೈಫ್ ಜಾಕೆಟ್ ಜೊತೆಗೆ ಹೆಲ್ಮೆಟ್ ಕೂಡ ಕೊಡುತ್ತಾರೆ. ದೋಣಿ ಬಹಳ ಚಿಕ್ಕದು. ಅದಕ್ಕೆ ಸಪ್ಪಾ ಎಂದು ಹೆಸರು. ಕಡಲ ಪಾಚಿ, ಕಡಲ ಮುಳ್ಳುಚೆಂಡು, ಅಬಲೋನಿ ಚಿಪ್ಪು ಕೀಳಲು ಇಲ್ಲಿನ ಮೀನುಗಾರರು ದಿನವೂ ಬಳಸುವ ದೋಣಿಯೇ ಇದು. ಚುಕ್ಕಾಣಿ ಹಿಡಿದವನೂ ಮೀನುಗಾರನೇ. ಬಂದರಿನ ಬಾಯಿ ದಾಟಿದ ಮೇಲೆ ಎಡಗಡೆ ಗೋಡೆಯಂತೆ ಎದ್ದ ಬಂಡೆ ಶುರುವಾಗುತ್ತದೆ, ಮುಗಿಯುವುದೇ ಇಲ್ಲ. 200 ಮೀಟರ್ ಎತ್ತರ, 8 ಕಿಲೋಮೀಟರ್ ಉದ್ದ. ಬಂಡೆಯ ತಲೆಯ ಮೇಲೆ ಗಾಳಿಗೆ ಬಾಗಿದ ಪೈನ್ ಮರಗಳು, ಬುಡದಲ್ಲಿ ಅಲೆ ಕೊರೆದ ಗುಹೆಗಳು. ಕೆಲವು ಗುಹೆಗಳು ಆರಪಾರ ತೂತಾಗಿವೆ, ದೋಣಿ ಅವುಗಳೊಳಗೇ ನುಗ್ಗಿ ಆಚೆ ಹೊರಬರುತ್ತದೆ. ಹೆಲ್ಮೆಟ್ ಏಕೆಂದು ಆಗ ತಿಳಿಯುತ್ತದೆ.

ಇದು ಕಿತಾಯಮಝಾಕಿ, ಜಪಾನಿನ ಈಶಾನ್ಯ ಅಂಚಿನ ಸಾನ್‌ರಿಕು ಕರಾವಳಿಯ ಅತ್ಯಂತ ಕಡಿದಾದ ಭಾಗ. ಜಪಾನ್ ಎಂದರೆ ನಮಗೆ ಟೋಕಿಯೊ, ಕ್ಯೋಟೊ, ಫುಜಿ ಪರ್ವತ, ಬುಲೆಟ್ ರೈಲು. ಸಾನ್‌ರಿಕು ಹೆಸರು ಕೇಳಿದವರು ಕಡಿಮೆ. ಆದರೆ ಆ ದಡವನ್ನು ನಾವು ಟಿವಿಯಲ್ಲಿ ನೋಡಿದ್ದೇವೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಗೋಡೆ ಹಾರಿ ಬಂದ ಕಪ್ಪು ನೀರು, ಅದರಲ್ಲಿ ತೇಲಿದ ದೋಣಿ, ಕಾರು, ಮನೆಗಳು. ಆ ದೃಶ್ಯಗಳಲ್ಲಿ ಹಲವು ಈ ಕರಾವಳಿಯವು.

ಅಲ್ಲಿಗೆ ಹೋದವರು ಬಂಡೆಗಳ ಚೆಲುವು ಕಂಡು ಫೋಟೊ ತೆಗೆದು ಹಿಂತಿರುಗಬಹುದು. ಹಾಗೆ ಮಾಡಿದರೆ ಅರ್ಧ ನೋಡಿದಂತೆ. ಈ ದಡವನ್ನು ಚೆಲುವಾಗಿಸಿದ ಭೂಮಿಯ ಚಲನೆಯೇ ಅದನ್ನು ಅಪಾಯಕಾರಿಯೂ ಆಗಿಸಿದೆ. ಎರಡನ್ನೂ ಒಂದೇ ನೋಟದಲ್ಲಿ ತೋರಿಸಬಲ್ಲವರು ಸ್ಥಳೀಯ ಗೈಡ್‌ಗಳು.

ಒಂದೇ ದಡ, ಎರಡು ಬಗೆ

ಇವಾತೆ ಪ್ರಾಂತ್ಯದ ಮಿಯಾಕೊ ಪಟ್ಟಣವನ್ನು ಗಡಿ ಎಂದಿಟ್ಟುಕೊಳ್ಳಿ. ಅದರ ಉತ್ತರಕ್ಕೆ ನೆಲ ಲಕ್ಷಾಂತರ ವರ್ಷಗಳಿಂದ ನಿಧಾನವಾಗಿ ಮೇಲೇಳುತ್ತಾ ಬಂದಿದೆ. ಒಂದು ಕಾಲದಲ್ಲಿ ಕಡಲ ಅಂಚಿನ ಸಮತಟ್ಟಾಗಿದ್ದದ್ದು ಈಗ ಎತ್ತರದ ಜಗಲಿ, ಅದರ ಬುಡವನ್ನು ಪೆಸಿಫಿಕ್ ಸಾಗರ ಕೊರೆಯುತ್ತಲೇ ಇದೆ. ಕಿತಾಯಮಝಾಕಿಯ ಬಂಡೆಗಳು ಹುಟ್ಟಿದ್ದು ಹೀಗೆ.

ಮಿಯಾಕೊದಿಂದ ದಕ್ಷಿಣಕ್ಕೆ ಚಿತ್ರ ಬೇರೆ. ಹಿಮಯುಗ ಮುಗಿದು ಕಡಲ ಮಟ್ಟ ಏರಿದಾಗ ನೀರು ನದಿ ಕಣಿವೆಗಳೊಳಗೆ ನುಗ್ಗಿತು. ಕಣಿವೆಗಳು ಕೊಲ್ಲಿಗಳಾದವು, ನಡುವಿನ ಗುಡ್ಡಸಾಲುಗಳು ಕಡಲಿಗೆ ಚಾಚಿದ ಭೂಶಿರಗಳಾದವು. ದಡವೆಲ್ಲ ಗರಗಸದ ಹಲ್ಲು. ಭೂಗೋಳದ ಪಾಠದಲ್ಲಿ ರಿಯಾ ಕರಾವಳಿ ಎಂದು ಓದಿದ್ದು ಇದನ್ನೇ.

ಈ ಕೊಲ್ಲಿಗಳು ಮೀನುಗಾರರ ಪಾಲಿಗೆ ವರ. ಒಳಗಿನ ನೀರು ಶಾಂತ, ಕೂಡಲೇ ಆಳ. ಸಿಂಪಿ, ವಕಾಮೆ ಪಾಚಿ ಬೆಳೆಸಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು. ಹೊರಗೆ ಉತ್ತರದಿಂದ ಬರುವ ತಣ್ಣನೆಯ ಓಯಾಶಿಯೊ ಪ್ರವಾಹ, ದಕ್ಷಿಣದಿಂದ ಬರುವ ಬೆಚ್ಚನೆಯ ಕುರೊಶಿಯೊ ಪ್ರವಾಹದೊಂದಿಗೆ ಕೂಡುತ್ತದೆ. ಅಲ್ಲಿ ಮೀನು ಸಮೃದ್ಧ. ಇಷ್ಟು ಸಲ ಸುನಾಮಿಯ ಏಟು ತಿಂದೂ ಜನ ಇಲ್ಲೇ ಏಕೆ ಉಳಿದರು ಎಂದು ಕೇಳುವವರಿಗೆ ಉತ್ತರ ಈ ನೀರಿನಲ್ಲಿದೆ.

ಅದೇ ಕೊಲ್ಲಿ ಸುನಾಮಿ ಬಂದಾಗ ವೈರಿ. ಆಳ ಸಮುದ್ರದಲ್ಲಿ ಸುನಾಮಿ ಅಲೆ ವಿಮಾನದ ವೇಗದಲ್ಲಿ ಓಡುತ್ತದೆ, ಆದರೆ ಎತ್ತರ ಹೆಚ್ಚಿರುವುದಿಲ್ಲ, ಹಡಗಿನಲ್ಲಿದ್ದವರಿಗೆ ಗೊತ್ತೂ ಆಗದಿರಬಹುದು. ದಡ ಹತ್ತಿರವಾದಂತೆ ನೀರಿನ ಆಳ ಕಡಿಮೆಯಾಗುತ್ತದೆ, ಅಲೆಯ ಮುಂಭಾಗ ನಿಧಾನವಾಗುತ್ತದೆ, ಹಿಂದಿನ ನೀರು ಬಂದು ಅದರ ಮೇಲೆ ಏರುತ್ತದೆ. ಬಾಯಿ ಅಗಲ, ಒಳಗೆ ಕಿರಿದಾದ ಕೊಲ್ಲಿಗೆ ಈ ನೀರು ಹೊಕ್ಕರೆ ಆಲಿಕೆಗೆ ಸುರಿದಂತೆ. ಬದಿಗೆ ಹೋಗಲು ದಾರಿಯಿಲ್ಲ, ಮೇಲಕ್ಕೇ ಏರಬೇಕು. 2011ರಲ್ಲಿ ಮಿಯಾಕೊದ ಒಮೊಯೆ ಪರ್ಯಾಯದ್ವೀಪದ ಅನೆಯೋಶಿ ಎಂಬಲ್ಲಿ ನೀರು ಕಣಿವೆಯಲ್ಲಿ 40 ಮೀಟರ್ ಎತ್ತರದವರೆಗೆ ಏರಿತ್ತು.

ಆ ಕಣಿವೆಯ ಮೇಲ್ಭಾಗದಲ್ಲಿ ಒಂದು ಕಲ್ಲಿದೆ. 1933ರ ಸುನಾಮಿಯ ನಂತರ ಊರಿನವರು ನೆಟ್ಟದ್ದು. ಇದರ ಕೆಳಗೆ ಮನೆ ಕಟ್ಟಬೇಡಿ ಎಂದು ಮುಂದಿನ ಪೀಳಿಗೆಗೆ ಹೇಳುವ ಕಲ್ಲು. ಊರಿನವರು ಆ ಮಾತು ನಡೆಸಿಕೊಂಡು ಬಂದರು. 2011ರಲ್ಲಿ ನೀರು ಕಲ್ಲಿಗಿಂತ ಕೆಳಗೇ ನಿಂತಿತು, ಮೇಲಿನ ಮನೆಗಳು ಉಳಿದವು.

ಬೆಳ್ಳನೆಯ ಬಂಡೆ, ಪಾಚಿಯ ನೀರು

ಒಂದು ದಿನದ ಸುತ್ತಾಟ ಸಾಮಾನ್ಯವಾಗಿ ಮಿಯಾಕೊದ ಜೋದೊಗಹಾಮಾ ಕಡಲತೀರದಿಂದ ಆರಂಭ. ಸುಣ್ಣ ಬಳಿದಂತಿರುವ ಚೂಪು ಬಂಡೆಗಳು ಕೊಲ್ಲಿಗೆ ಅಡ್ಡ ನಿಂತಿವೆ. ಅವುಗಳ ನೆತ್ತಿಯಲ್ಲಿ ಕೆಂಪು ಪೈನ್ ಮರಗಳು. ಬಂಡೆಗಳು ಹೊರಗಿನ ಅಲೆಗಳನ್ನು ತಡೆಯುವುದರಿಂದ ಒಳಗಿನ ನೀರು ಕೆರೆಯಷ್ಟು ನಿಶ್ಚಲ. 17ನೇ ಶತಮಾನದ ಬೌದ್ಧ ಭಿಕ್ಷುವೊಬ್ಬ ಇದನ್ನು ಕಂಡು ಅಮಿತಾಭ ಬುದ್ಧನ ಶುದ್ಧ ಲೋಕ ಹೀಗೇ ಇರಬೇಕೆಂದನಂತೆ. ಕಡಲತೀರಕ್ಕೆ ಹೆಸರು ಬಂದದ್ದು ಆ ಮಾತಿನಿಂದ ಎಂಬುದು ಪ್ರತೀತಿ.

ಬಂಡೆ ಬಿಳಿ ಏಕೆ? ಅದು ರಯೋಲೈಟ್ ಎಂಬ ಜ್ವಾಲಾಮುಖಿ ಶಿಲೆ. ಸಿಲಿಕಾ ಹೆಚ್ಚು, ಕಬ್ಬಿಣದ ಅಂಶ ಕಡಿಮೆ, ಹಾಗಾಗಿ ಬಣ್ಣ ತೆಳು. ನಾಲ್ಕು ಕೋಟಿ ವರ್ಷಗಳಿಗೂ ಹಿಂದೆ ಈ ಲಾವಾ ಹೊರಬಂದಾಗ ಜಪಾನ್ ಇನ್ನೂ ಏಷ್ಯಾ ಖಂಡಕ್ಕೆ ಅಂಟಿಕೊಂಡೇ ಇತ್ತು. ಇಲ್ಲಿಂದಲೂ ಸಪ್ಪಾ ದೋಣಿಗಳು ಹತ್ತಿರದ ನೀಲಿ ಗುಹೆಗೆ ಹೋಗಿಬರುತ್ತವೆ. ಬಿಸಿಲಿನ ಕೋನ ಕೂಡಿಬಂದರೆ ಗುಹೆಯ ನೀರು ಕೆಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತದೆ.

ಮಧ್ಯಾಹ್ನದ ಊಟದ ಬಗ್ಗೆ ಒಂದು ಮಾತು. ಮಿಯಾಕೊದಲ್ಲಿ ಸಮುದ್ರದ ಪದಾರ್ಥಗಳನ್ನು ಹಾಲಿನ ಬಾಟಲಿಯಲ್ಲಿ ತುಂಬಿ ತಂದಿಡುತ್ತಾರೆ, ಬಿಸಿ ಅನ್ನದ ಮೇಲೆ ನಾವೇ ಸುರಿದುಕೊಳ್ಳಬೇಕು. ಇವಾತೆಯಲ್ಲಿ ಕಡಲ ಮುಳ್ಳುಚೆಂಡಿನ ಒಳತಿರುಳನ್ನು ಉಪ್ಪುನೀರಿನೊಂದಿಗೆ ಹಾಲಿನ ಬಾಟಲಿಯಲ್ಲೇ ಮಾರುವ ರೂಢಿಯಿದೆ, ಈ ಊಟ ಅದರ ಮುಂದುವರಿಕೆ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡು ಹೋಗುವುದು ಕ್ಷೇಮ. ಇಲ್ಲಿ ಸಾರಿಗೂ ಮೀನಿನ ರಸವೇ ಆಧಾರ.

ತಾರೊ: ಗೋಡೆಯನ್ನು ನಂಬಿದ ಊರು

ಮಿಯಾಕೊದಿಂದ ಉತ್ತರಕ್ಕೆ ಸ್ವಲ್ಪ ದೂರದಲ್ಲಿ ತಾರೊ. ಈಗ ಮಿಯಾಕೊ ನಗರದ ಭಾಗ, ಮೊದಲು ಬೇರೆಯೇ ಪಟ್ಟಣ. ಈ ದಿನದ ಹೃದಯ ಇಲ್ಲಿದೆ, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲೋಣ.

1896ರ ಜೂನ್ 15ರ ಸಂಜೆ ಸಣ್ಣಗೆ ನೆಲ ನಡುಗಿತು. ಹಬ್ಬದ ದಿನ, ಜನ ಊಟಕ್ಕೆ ಕೂತಿದ್ದರು. ನಡುಕ ಜೋರಾಗಿರಲಿಲ್ಲ, ಹಾಗಾಗಿ ಯಾರೂ ಓಡಲಿಲ್ಲ. ಅರ್ಧ ಗಂಟೆಯ ನಂತರ ಬಂದ ಅಲೆ ಸಾನ್‌ರಿಕು ಉದ್ದಕ್ಕೂ ಸುಮಾರು 22,000 ಜನರನ್ನು ಕೊಂಡೊಯ್ದಿತು. ತಾರೊ ಒಂದರಲ್ಲೇ 1,859 ಮಂದಿ. ಉಳಿದವರು ಮತ್ತೆ ಊರು ಕಟ್ಟಿದರು. 1933ರ ಮಾರ್ಚ್ 3ರ ನಸುಕಿನಲ್ಲಿ ಮತ್ತೆ ಸುನಾಮಿ, ತಾರೊದಲ್ಲಿ 911 ಸಾವು.

ಆಗ ಊರು ತೀರ್ಮಾನಿಸಿತು: ಕಡಲಿಗೆ ಗೋಡೆ ಹಾಕೋಣ. 1934ರಲ್ಲಿ ಕೆಲಸ ಶುರುವಾಯಿತು, ಮೊದಲು ಊರಿನದೇ ಹಣ, ಆಮೇಲೆ ಸರ್ಕಾರದ ನೆರವು. ಯುದ್ಧ ಬಂದು ಕೆಲಸ ನಿಂತಿತು, ಮತ್ತೆ ನಡೆಯಿತು. ಮೊದಲ ಗೋಡೆ 1958ರಲ್ಲಿ ಮುಗಿಯಿತು. ಆಮೇಲೆ ಸೇರಿಸಿದ್ದೂ ಕೂಡಿ 10 ಮೀಟರ್ ಎತ್ತರ, 2,433 ಮೀಟರ್ ಉದ್ದದ ಗೋಡೆಯಾಯಿತು. ಬೀದಿಗಳನ್ನು ಗುಡ್ಡದ ಕಡೆಗೆ ನೇರವಾಗಿ ಓಡುವಂತೆ ಹಾಕಿದರು. ಓಡುವವರಿಗೆ ಎದುರು ಬರುವವರು ಕಾಣಲೆಂದು ಅಡ್ಡರಸ್ತೆಗಳ ಮೂಲೆಗಳನ್ನು ಕತ್ತರಿಸಿದರು. 1960ರಲ್ಲಿ ಚಿಲಿ ದೇಶದ ಭೂಕಂಪದ ಸುನಾಮಿ ಪೆಸಿಫಿಕ್ ದಾಟಿ ಬಂದು ಜಪಾನಿನಲ್ಲಿ ಬೇರೆಡೆ ಜೀವಹಾನಿ ಮಾಡಿತು, ತಾರೊಗೆ ಏನೂ ಆಗಲಿಲ್ಲ. ಗೋಡೆಯ ಕೀರ್ತಿ ಹಬ್ಬಿತು, ಹೊರದೇಶದಿಂದ ತಜ್ಞರು ನೋಡಲು ಬಂದರು.

2011ರ ಮಾರ್ಚ್ 11, ಮಧ್ಯಾಹ್ನ 2 ಗಂಟೆ 46 ನಿಮಿಷ. ಭೂಕಂಪದ ತೀವ್ರತೆ 9.0. ಮೂರು ನಿಮಿಷಗಳಲ್ಲಿ ಹವಾಮಾನ ಸಂಸ್ಥೆ ಎಚ್ಚರಿಕೆ ಕೊಟ್ಟಿತು: ಇವಾತೆಗೆ 3 ಮೀಟರ್ ಸುನಾಮಿ. ಗೋಡೆ 10 ಮೀಟರ್ ಇದೆಯಲ್ಲ ಎಂದು ಕೆಲವರು ಮನೆಯಲ್ಲೇ ಉಳಿದರು. ಆಮೇಲೆ 6 ಮೀಟರ್, ನಂತರ 10ಕ್ಕಿಂತ ಹೆಚ್ಚು ಎಂದು ತಿದ್ದಿದರು. ಆದರೆ ವಿದ್ಯುತ್ ಹೋಗಿತ್ತು, ತಿದ್ದುಪಡಿ ಎಲ್ಲರಿಗೂ ತಲುಪಲಿಲ್ಲ. ಗೋಡೆಯ ಹಿಂದಿದ್ದವರಿಗೆ ಕಡಲು ಕಾಣುವಂತೆಯೂ ಇರಲಿಲ್ಲ. ನೀರು ಗೋಡೆಯ ಮೇಲಿಂದ ಧುಮುಕಿತು, ಆಮೇಲೆ ಸೇರಿಸಿದ ಗೋಡೆಯ ಒಂದು ಭಾಗವನ್ನೇ ಕಿತ್ತೊಗೆಯಿತು. ಸುಮಾರು 180 ಮಂದಿ ಹೋದರು.

ತಾರೊದ ಗೈಡ್‌ಗಳು ಪ್ರವಾಸಿಗರನ್ನು ಉಳಿದ ಹಳೆಯ ಗೋಡೆಯ ಮೇಲೆ ನಿಲ್ಲಿಸಿ ಈ ಕಥೆ ಹೇಳುತ್ತಾರೆ. ಬಂದರಿನ ಪಕ್ಕದ ಬಂಡೆಯಲ್ಲಿ ಮೂರು ಫಲಕಗಳನ್ನು ತೋರಿಸುತ್ತಾರೆ: 1933ರಲ್ಲಿ 10 ಮೀಟರ್, 1896ರಲ್ಲಿ 15, 2011ರಲ್ಲಿ 17.3. ಗೋಡೆಯ ಎತ್ತರವನ್ನೂ ಈ ಫಲಕಗಳನ್ನೂ ಒಟ್ಟಿಗೆ ನೋಡಿದವರಿಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಗೋಡೆ ಸುಳ್ಳಲ್ಲ, ಅದು ನೀರನ್ನು ಕೊಂಚ ತಡೆದು ಓಡಲು ಸಮಯ ಕೊಡುತ್ತದೆ, ಓಡಬೇಕಾದವರು ನಾವು: ಅವರ ಪಾಠದ ತಿರುಳು ಇಷ್ಟು.

ಒಂದು ಫಲ ಸಿಕ್ಕಿದೆ. 2013ರಿಂದ ಜಪಾನಿನ ಹವಾಮಾನ ಸಂಸ್ಥೆ ಭಾರೀ ಭೂಕಂಪವಾದಾಗ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕ ಹೇಳುವುದಿಲ್ಲ. ಅಲೆ ‘ಬೃಹತ್’ ಎಂದಷ್ಟೇ ಹೇಳುತ್ತದೆ. ಸಂಖ್ಯೆ ಕೇಳಿ ಜನ ಕೂತುಬಿಡಬಾರದು ಎಂಬುದೇ ಕಾರಣ.

ಆರನೇ ಮಹಡಿಯ ಕೋಣೆ

ತಾರೊದ ಬಂದರಿನ ಬಳಿ ಆರು ಮಹಡಿಯ ಹೋಟೆಲ್ ಕಟ್ಟಡ ನಿಂತಿದೆ. ಕೆಳಗಿನ ಎರಡು ಮಹಡಿಗಳಲ್ಲಿ ಗೋಡೆಯೂ ಇಲ್ಲ, ಕಿಟಕಿಯೂ ಇಲ್ಲ, ಉಕ್ಕಿನ ಕಂಬಗಳಷ್ಟೇ. ನೀರು ನಾಲ್ಕನೇ ಮಹಡಿಯವರೆಗೆ ಬಂದಿತ್ತು. ತಾರೊ ಕಾಂಕೊ ಹೋಟೆಲ್ ಎಂಬ ಈ ಕಟ್ಟಡವನ್ನು ಕೆಡವದೆ ಉಳಿಸಿಕೊಳ್ಳಲು ಸರ್ಕಾರ ಹಣ ಕೊಟ್ಟಿತು, 2016ರಿಂದ ಸಾರ್ವಜನಿಕರಿಗೆ ತೆರೆದಿದೆ. ಸುನಾಮಿಯ ದಿನ ಹೋಟೆಲಿನ ಮಾಲೀಕರು ಆರನೇ ಮಹಡಿಯ ಕಿಟಕಿಯಿಂದ ಬರುವ ಅಲೆಯನ್ನು ಚಿತ್ರೀಕರಿಸಿದರು. ಆ ವಿಡಿಯೊ ಇಂಟರ್‌ನೆಟ್‌ನಲ್ಲಿ ಸಿಗುವುದಿಲ್ಲ, ಟಿವಿಗೂ ಕೊಟ್ಟಿಲ್ಲ. ಚಿತ್ರೀಕರಿಸಿದ ಅದೇ ಕೋಣೆಯಲ್ಲಿ, ಗೈಡ್ ಜೊತೆಗೆ ಬಂದವರಿಗೆ ಮಾತ್ರ ತೋರಿಸುತ್ತಾರೆ. ವಿಡಿಯೊ ಮುಗಿದ ಮೇಲೆ ಅದೇ ಕಿಟಕಿಯಿಂದ ಹೊರಗೆ ನೋಡಬೇಕು.

ಮೊಬೈಲಿನಲ್ಲಿ ನೂರು ಸಲ ನೋಡಿ ಮರೆಯುವ ಕಾಲದಲ್ಲಿ, ಒಂದು ದೃಶ್ಯವನ್ನು ಅದರ ಜಾಗಕ್ಕೇ ಕಟ್ಟಿಹಾಕಿದ ಈ ನಿರ್ಧಾರ ನನಗೆ ತುಂಬ ದೊಡ್ಡದೆನಿಸುತ್ತದೆ. ನೋಡಬೇಕೆಂದರೆ ಬರಬೇಕು. ಬಂದರೆ ಊರನ್ನು ಕಾಣದೆ ಹೋಗಲಾರಿರಿ.

ಇಲ್ಲಿ ಗೈಡ್ ವ್ಯವಸ್ಥೆ ಶುರುವಾದದ್ದು 2012ರ ಏಪ್ರಿಲ್‌ನಲ್ಲಿ, ಅವಶೇಷಗಳ ರಾಶಿ ಇನ್ನೂ ಇದ್ದಾಗಲೇ. ಗೈಡ್‌ಗಳು ಊರಿನವರೇ. ಆದರೆ ಹೇಳಿ ಎಚ್ಚರಿಸುವ ಕೆಲಸ ತಾರೊಗೆ ಹೊಸದಲ್ಲ. 1933ರಲ್ಲಿ ಬಾಲಕಿಯಾಗಿದ್ದು ತಾಯಿಯನ್ನು ಕಳೆದುಕೊಂಡ ಮಹಿಳೆಯೊಬ್ಬರು ಮುಂದೆ ಮೊಮ್ಮಕ್ಕಳಿಗಾಗಿ ಚಿತ್ರಪಟಗಳನ್ನು ಬರೆದು, ಒಂದೊಂದಾಗಿ ಎತ್ತಿ ತೋರಿಸುತ್ತಾ ಶಾಲೆಗಳಲ್ಲಿ ಆ ಕಥೆ ಹೇಳುತ್ತಿದ್ದರು. 2011ಕ್ಕೂ ದಶಕಗಳ ಮೊದಲಿನಿಂದ.

ತಾರೊ ಬಿಡುವ ಮುನ್ನ ಕಡಲತೀರದ ಸಾನ್ನೊ ಬಂಡೆಗಳನ್ನು ನೋಡಬೇಕು. ಸುಮಾರು 10 ಕೋಟಿ ವರ್ಷ ಹಳೆಯ ಮರಳುಗಲ್ಲು, ಉರುಟುಗಲ್ಲು ಪದರಗಳ ಮೂರು ಬಂಡೆಗಳಲ್ಲಿ ‘ಗಂಡುಬಂಡೆ’ ಎಂದು ಕರೆಯುವುದರ ಎತ್ತರ 50 ಮೀಟರ್. ಡೈನೋಸಾರ್ ಕಾಲದ ಪದರಗಳು ಇವು. ಹತ್ತಿರದ ಇವಾಯಿಝುಮಿಯ ಮೋಶಿ ಎಂಬಲ್ಲಿ ಇಂಥದೇ ಕಾಲದ ಪದರದಲ್ಲಿ 1978ರಲ್ಲಿ ಸಿಕ್ಕ ಮೂಳೆಯೇ ಜಪಾನಿನ ನೆಲದಲ್ಲಿ ದೊರೆತ ಮೊದಲ ಡೈನೋಸಾರ್ ಪಳೆಯುಳಿಕೆ.

ಸುರಂಗ ಬಿಟ್ಟರೆ ಕಡಲು

ಮಿಯಾಕೊದಿಂದ ತನೊಹಾತದ ಕಡೆಗೆ ಕಾರಿಗಿಂತ ರೈಲು ಚೆನ್ನ. ಸಾನ್‌ರಿಕು ರೈಲ್ವೆ ಒಂದೇ ಬೋಗಿಯಲ್ಲೂ ಓಡುವ ಚಿಕ್ಕ ಡೀಸೆಲ್ ರೈಲು. ರಾಷ್ಟ್ರೀಯ ರೈಲ್ವೆ ನಷ್ಟದ ಲೆಕ್ಕದಲ್ಲಿ ಬಿಟ್ಟುಕೊಟ್ಟ ಮಾರ್ಗಗಳನ್ನು ಸ್ಥಳೀಯ ಸರ್ಕಾರಗಳೂ ಖಾಸಗಿಯವರೂ ಸೇರಿ 1984ರಲ್ಲಿ ನಡೆಸಲಾರಂಭಿಸಿದರು. 2011ರ ದುರಂತವಾದ ಐದೇ ದಿನಕ್ಕೆ, ಹಾಳಾಗದೆ ಉಳಿದ ಒಂದು ತುಣುಕಿನಲ್ಲಿ ಈ ರೈಲು ಓಡಿತು. ಪೆಟ್ರೋಲ್ ಸಿಗದೆ ಕಾರುಗಳು ನಿಂತಿದ್ದ ದಿನಗಳು ಅವು. ಈಗ ಕುಜಿಯಿಂದ ಸಕಾರಿಯವರೆಗೆ 163 ಕಿಲೋಮೀಟರ್ ಒಂದೇ ಮಾರ್ಗ.

ದಾರಿಯ ಬಹುಭಾಗ ಸುರಂಗ. ಸುರಂಗ ಮುಗಿದಲ್ಲಿ ಒಂದು ಕೊಲ್ಲಿ, ಒಂದು ಬಂದರು, ಮತ್ತೆ ಸುರಂಗ. ಒಸಾವಾ ಸೇತುವೆಯ ಮೇಲೆ ಕಡಲು ಕಾಣಲೆಂದೇ ರೈಲು ಕೊಂಚ ನಿಲ್ಲುವುದುಂಟು. ಶಾಲಾಮಕ್ಕಳು, ಪ್ರವಾಸಿ ತಂಡಗಳು ಮೊದಲೇ ಕಾಯ್ದಿರಿಸಿದರೆ ರೈಲ್ವೆಯ ಸಿಬ್ಬಂದಿಯೇ ದಾರಿಯುದ್ದಕ್ಕೂ ಸುನಾಮಿಯ ವಿವರ ಕೊಡುವ ವಿಶೇಷ ರೈಲೂ ಇದೆ.

ಶಿಮನೊಕೊಶಿ ನಿಲ್ದಾಣದಲ್ಲಿ ಇಳಿದು ನೋಡಿ. 2011ರಲ್ಲಿ ನಿಲ್ದಾಣವೂ ಅದನ್ನು ಹೊತ್ತ ಎತ್ತರದ ಸೇತುವೆಯೂ ಕೊಚ್ಚಿಹೋದವು. ಉಳಿದದ್ದು ಕವಿ ಮಿಯಾಝಾವಾ ಕೆಂಜಿಯ ಕವಿತೆ ಕೆತ್ತಿದ ಕಲ್ಲು. ಇವಾತೆಯ ಈ ಕವಿ ಹುಟ್ಟಿದ್ದು 1896ರಲ್ಲಿ, ತೀರಿಕೊಂಡದ್ದು 1933ರಲ್ಲಿ. ಎರಡೂ ಸುನಾಮಿಯ ವರ್ಷಗಳು. ಹೊಸದಾಗಿ ಕಟ್ಟುವಾಗ ಸೇತುವೆಯ ಬದಲು ಮಣ್ಣಿನ ಏರಿ ಹಾಕಿದರು. ರೈಲಿಗೆ ದಾರಿಯೂ ಆಯಿತು, ಊರಿಗೆ ಎರಡನೇ ತಡೆಗೋಡೆಯೂ ಆಯಿತು.

ಫುದಾಯಿಯ ಬಾಗಿಲು

ದಿನದಲ್ಲಿ ಸಮಯ ಉಳಿದರೆ ಇನ್ನೂ ಉತ್ತರಕ್ಕೆ, ಫುದಾಯಿ ಹಳ್ಳಿಗೆ. ಪ್ರವಾಸಿ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲು ಸಿಗುವುದೂ ಕಷ್ಟ. ಇಲ್ಲಿ ನದಿಗೆ ಅಡ್ಡಲಾಗಿ 15.5 ಮೀಟರ್ ಎತ್ತರ, 205 ಮೀಟರ್ ಅಗಲದ ಕಾಂಕ್ರೀಟ್ ತೂಬು ಇದೆ. ಕಟ್ಟಿಸಿದವರು ಗ್ರಾಮದ ಮುಖ್ಯಸ್ಥ ವಾಮುರಾ ಕೊತೊಕು. 1947ರಿಂದ 40 ವರ್ಷ ಆ ಹುದ್ದೆಯಲ್ಲಿದ್ದವರು. 1933ರಲ್ಲಿ ಅವಶೇಷಗಳಡಿಯಿಂದ ಹೆಣಗಳನ್ನು ಹೊರತೆಗೆಯುವುದನ್ನು ಕಣ್ಣಾರೆ ಕಂಡವರು. ಹಿಂದಿನ ಅಲೆ 15 ಮೀಟರ್ ಇತ್ತು, ಅದಕ್ಕಿಂತ ಕಡಿಮೆ ಕಟ್ಟಲಾರೆ ಎಂದು ಪಟ್ಟು ಹಿಡಿದರು. ಇಷ್ಟು ಎತ್ತರ ಏಕೆ, ಇಷ್ಟು ಹಣ ಏಕೆ ಎಂದು ವಿರೋಧ ಬಂತು. ಅವರು ಬಗ್ಗಲಿಲ್ಲ. 1984ರಲ್ಲಿ ತೂಬು ಮುಗಿಯಿತು, 1997ರಲ್ಲಿ ಅವರು ತೀರಿಕೊಂಡರು.

2011ರಲ್ಲಿ ಅಲೆ ತೂಬನ್ನೂ ದಾಟಿತು, ಆದರೆ ಅದರ ಬಲ ಅಲ್ಲೇ ಮುರಿಯಿತು. ತೂಬಿನ ಒಳಗಿನ ಮನೆಗಳಿಗೆ ನೀರು ಬರಲಿಲ್ಲ, ಅಲ್ಲಿ ಒಬ್ಬರೂ ಸಾಯಲಿಲ್ಲ. ಕಾಣೆಯಾದವರು ಒಬ್ಬರೇ, ದೋಣಿ ನೋಡಲು ಬಂದರಿಗೆ ಹೋದವರು. ತಾರೊ ಮತ್ತು ಫುದಾಯಿಯನ್ನು ಒಂದೇ ದಿನ ನೋಡಿದವರಿಗೆ ಐದು ಮೀಟರಿನ ಬೆಲೆ ಗೊತ್ತಾಗುತ್ತದೆ. ಆದರೆ ಇದರಿಂದ ಎತ್ತರವೇ ಪರಿಹಾರ ಎಂದುಕೊಳ್ಳಬಾರದು. ಫುದಾಯಿಯದು ಕಿರಿದಾದ ಕಣಿವೆ, ಒಂದು ಬಾಗಿಲು ಸಾಕು. ತಾರೊ ಅಗಲವಾಗಿ ತೆರೆದ ಊರು.

ಈಗ ಕಾಣದ ಕಡಲು

ತಾರೊದಲ್ಲಿ ಈಗ 14.7 ಮೀಟರಿನ ಹೊಸ ಗೋಡೆ ಎದ್ದಿದೆ. ಮನೆಗಳು ಬಹುಪಾಲು ಗುಡ್ಡದ ಮೇಲಿನ ಬಡಾವಣೆಗೆ ಹೋಗಿವೆ. ಸುನಾಮಿಯ ಏಟು ತಿಂದ ಮೂರು ಪ್ರಾಂತ್ಯಗಳ ಉದ್ದಕ್ಕೂ ಕೆಳಗಿನ ರಸ್ತೆಯಲ್ಲಿ ನಿಂತರೆ ಎಷ್ಟೋ ಕಡೆ ಕಾಂಕ್ರೀಟ್ ಕಾಣುತ್ತದೆ, ನೀರು ಕಾಣುವುದಿಲ್ಲ. ಕಡಲಿನ ಬಣ್ಣ ನೋಡಿ ಹವೆ ಹೇಳುತ್ತಿದ್ದ ಮೀನುಗಾರರಿಗೆ ಇದು ಸಣ್ಣ ಮಾತಲ್ಲ. ಬೇಕೇ ಬೇಡವೇ ಎಂಬ ಚರ್ಚೆ ಊರೂರಿನಲ್ಲಿ ನಡೆದಿದೆ, ಗೋಡೆ ತಗ್ಗಿಸಲು ಒಪ್ಪಿಸಿದ ಊರುಗಳೂ ಇವೆ. 18 ಸಾವಿರಕ್ಕೂ ಹೆಚ್ಚು ಜನ ಸತ್ತ ಅಥವಾ ಕಾಣೆಯಾದ ದುರಂತದ ನಂತರ, ದೂರದಲ್ಲಿ ಕೂತ ನಾವು ಯಾವ ಪಕ್ಷವನ್ನೂ ಹಗುರವಾಗಿ ತಳ್ಳಿಹಾಕಲಾಗದು.

ಇನ್ನೊಂದು ಬದಲಾವಣೆ ನಿಧಾನದ್ದು. ಯುವಕರು ನಗರಗಳಿಗೆ ಹೋಗುತ್ತಿದ್ದಾರೆ. ಮಿಯಾಕೊಗೆ ಹೆಸರು ತಂದ ಸಾಲ್ಮನ್ ಮೀನು ಕಳೆದ ಕೆಲವು ವರ್ಷಗಳಲ್ಲಿ ಬಲೆಗೆ ಬೀಳುವುದು ತೀರಾ ಕಡಿಮೆಯಾಗಿದೆ, ಕಡಲು ಬೆಚ್ಚಗಾಗುತ್ತಿದೆ. ಅಲೆಯಿಂದ ಉಳಿದ ಊರುಗಳು ಜನವಿಲ್ಲದೆ ಬಡವಾಗುತ್ತಿವೆ. 2011ರ ನಂತರ ಹುಟ್ಟಿದ ಮಕ್ಕಳೇ ಈಗ ಶಾಲಾ ಪ್ರವಾಸದಲ್ಲಿ ತಾರೊಗೆ ಬರುತ್ತಾರೆ. ಅವರಿಗೆ ಇದು ಇತಿಹಾಸ. ಗೈಡ್‌ಗಳಿಗೆ ವಯಸ್ಸಾಗುತ್ತಿದೆ. ಆದ್ದರಿಂದ ಪ್ರವಾಸಿಗರ ಶುಲ್ಕ ಇಲ್ಲಿ ಮನರಂಜನೆಯ ಬೆಲೆಯಷ್ಟೇ ಅಲ್ಲ, ಈ ಮಾತು ನಿಲ್ಲದಂತೆ ನೋಡಿಕೊಳ್ಳುವ ಹಣ.

ಸರ್ಕಾರವೂ ಇದನ್ನು ಮನಗಂಡಿದೆ. 1955ರಿಂದ ಇದ್ದ ರಾಷ್ಟ್ರೀಯ ಉದ್ಯಾನವನ್ನು 2013ರಲ್ಲಿ ವಿಸ್ತರಿಸಿ ಸಾನ್‌ರಿಕು ಪುನಶ್ಚೇತನ ರಾಷ್ಟ್ರೀಯ ಉದ್ಯಾನ ಮಾಡಿದರು. ಹಚಿನೊಹೆಯಿಂದ ಸೋಮಾವರೆಗೆ ಸುಮಾರು 1,000 ಕಿಲೋಮೀಟರಿನ ಮಿಚಿನೊಕು ಕಾಲುದಾರಿ 2019ರಲ್ಲಿ ಪೂರ್ತಿಯಾಯಿತು. ಕಿತಾಯಮಝಾಕಿಯ ಬಳಿ ಈ ದಾರಿ ಬಂಡೆ ಕೊರೆದು ಕೈಯಿಂದ ತೋಡಿದ ಸುರಂಗಗಳಲ್ಲಿ ಹಾದುಹೋಗುತ್ತದೆ. ತಲೆಗೆ ಕಟ್ಟುವ ಟಾರ್ಚ್ ಬೇಕು, ಉಬ್ಬರ ಇಳಿತದ ಹೊತ್ತು ತಿಳಿದಿರಬೇಕು, ಕರಡಿ ಓಡಿಸಲು ಗಂಟೆ ಬೇಕು. ಇಲ್ಲೂ ಗೈಡ್ ಬೇಕೇ ಬೇಕು.

ಹೋಗುವವರಿಗೆ

ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವಿದೆ. ಟೋಕಿಯೊದಿಂದ ಮೊರಿಯೊಕಕ್ಕೆ ಬುಲೆಟ್ ರೈಲಿನಲ್ಲಿ ಎರಡು ಗಂಟೆಯ ಮೇಲೆ ಸ್ವಲ್ಪ, ಅಲ್ಲಿಂದ ಮಿಯಾಕೊಗೆ ಬಸ್ಸಿನಲ್ಲಿ ಎರಡು ಗಂಟೆಯೊಳಗೆ. ಹಿಂದಿನ ರಾತ್ರಿಯೇ ಮಿಯಾಕೊ ಸೇರಿದರೆ ಪೂರ್ತಿ ಒಂದು ದಿನ ಕೈಗೆ ಸಿಗುತ್ತದೆ. ತಾರೊದ ಗೈಡ್, ಸಪ್ಪಾ ದೋಣಿ ಎರಡನ್ನೂ ಮೊದಲೇ ಕಾಯ್ದಿರಿಸಬೇಕು. ಗೈಡ್‌ಗಳ ಮಾತು ಬಹುತೇಕ ಜಪಾನಿಯಲ್ಲೇ, ಭಾಷೆ ಬಲ್ಲವರೊಬ್ಬರು ಜೊತೆಗಿದ್ದರೆ ದಿನದ ತೂಕವೇ ಬೇರೆ.

ಜೂನ್, ಜುಲೈನಲ್ಲಿ ಯಮಸೆ ಎಂಬ ತಣ್ಣನೆಯ ಗಾಳಿ ಕಡಲಿನಿಂದ ಮಂಜು ಹೊತ್ತು ತರುತ್ತದೆ. ಆ ದಿನಗಳಲ್ಲಿ ಕಿತಾಯಮಝಾಕಿಯ ನೆತ್ತಿಯಿಂದ ಬರೀ ಬಿಳುಪು ಕಾಣುವುದೂ ಉಂಟು. ಮೇ ತಿಂಗಳೂ ಅಕ್ಟೋಬರ್ ತಿಂಗಳೂ ಒಳ್ಳೆಯವು. ಅಲೆ ಜೋರಿದ್ದರೆ ದೋಣಿ ರದ್ದಾಗುತ್ತದೆ, ಮೀನುಗಾರರು ಹಟ ಮಾಡುವುದಿಲ್ಲ, ನಾವೂ ಮಾಡಬಾರದು. ದೋಣಿ ಇಲ್ಲವೆಂದು ಪ್ರವಾಸವನ್ನೇ ಕೈಬಿಡುವುದು ಮಾತ್ರ ಬೇಡ. ತಾರೊದ ಗೈಡ್‌ಗಳು ಮಳೆಯಲ್ಲೂ ಗೋಡೆಯ ಮೇಲೆ ನಡೆಸುತ್ತಾರೆ, ಹೋಟೆಲಿನ ಆರನೇ ಮಹಡಿಗೆ ಹವೆಯ ಹಂಗಿಲ್ಲ. ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ನಾನು ಬಂಡೆಗಳನ್ನು ಬಿಟ್ಟು ಆ ಕೋಣೆಗೇ ಹೋಗಿ ಎನ್ನುತ್ತೇನೆ.